ಹಗ್ಗ ಮತ್ತು ಗಣೆ: ಚಿತ್ರದುರ್ಗ ಸೀಮೆಯ ದನಗಾಹಿ ವೀರ

ಅಮೆರಿಕದ ರೋಡಿಯೋದಲ್ಲಿ ಕುಪ್ಪಳಿಸುವ ಗೂಳಿಯ ಬೆನ್ನ ಮೇಲೆ ಒಂದೇ ಕೈಯ ಹಿಡಿತದಲ್ಲಿ 8 ಸೆಕೆಂಡು ಉಳಿದ ಸವಾರನಿಗಷ್ಟೇ ಅಂಕ. ದನಗಾಹಿಯ ವೀರತನ ಅಲ್ಲಿ ಪಶುವಿನ ವಿರುದ್ಧವೇ ಸಾಬೀತಾಗಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಕಾಡುಗೊಲ್ಲರೂ ದನಗಾಹಿಯೊಬ್ಬನನ್ನು ವೀರನೆಂದು ಹಾಡಿ ದೈವವೆಂದು ನಡೆದುಕೊಳ್ಳುತ್ತಾರೆ. ಆತ ಜುಂಜಪ್ಪ. ಆದರೆ ಆತನ ಹಿರಿಮೆಗೆ ಅಳತೆಗೋಲೇ ಬೇರೆ ಎಂಬುದು ಈ ಲೇಖನದ ವಾದ.

ಪಶುವನ್ನು ಬಲದಿಂದ ಪಳಗಿಸುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಅಮೃತಮಹಲ್ ಹಿಂಡುಗಳು ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ತಳಿಗಳಿಂದ ಬೆಳೆದವು. ಸೈನ್ಯದ ತೋಪುಗಳನ್ನು ಎಳೆಯುವುದು ಈ ಎತ್ತುಗಳ ಕೆಲಸವಾಗಿತ್ತು. 1799ರಲ್ಲಿ ಬ್ರಿಟಿಷರ ವಶವಾದ ಹಿಂಡು 1860ರಲ್ಲಿ ಮಾರಾಟವಾಗಿ, 1866ರಲ್ಲಿ ಮತ್ತೆ ಕಟ್ಟಲ್ಪಟ್ಟಿತು. ಕಾವಲು ಎಂಬ ಮೀಸಲು ಹುಲ್ಲುಗಾವಲುಗಳಲ್ಲಿ ಮನುಷ್ಯರ ಸೋಂಕಿಲ್ಲದೆ ಬೆಳೆದ ಹೋರಿಗಳನ್ನು ದೊಡ್ಡಿಗೆ ನುಗ್ಗಿಸಿ, ಒಂದೊಂದಾಗಿ ಮಾತ್ರ ಸಾಗಬಲ್ಲ ಇಕ್ಕಟ್ಟಿನ ಓಣಿಗೆ ತಳ್ಳಿ, ಕೊಂಬಿಗೆ ಹಗ್ಗ ಬಿಗಿದು ಗೂಟಕ್ಕೆ ಕಟ್ಟುತ್ತಿದ್ದರು. ಆಮೇಲೆ ಪಳಗಿದ ಎತ್ತಿನ ಜೊತೆ ನೊಗಕ್ಕೆ ಹೂಡುತ್ತಿದ್ದರು.

ಜುಂಜಪ್ಪನ ಕಾವ್ಯದಲ್ಲಿ ಇಂಥ ದೊಡ್ಡಿಯ ಪ್ರತಾಪ ಇಲ್ಲ. ಕೆಂಗುರಿ ಮಲ್ಲೇಗೌಡ, ಚಿನ್ನಮ್ಮರ ಮಗನಾದ ಈತನ ಕಥೆಯಲ್ಲಿ ಹಗೆ ಸಾಧಿಸುವವರು ಸೋದರಮಾವಂದಿರು. ಬಡಮೈಲನೆಂಬ ಗೂಳಿ ಆತನ ಸಂಗಾತಿ, ಎದುರಾಳಿಯಲ್ಲ. ಆತನ ಆಯುಧವೆನ್ನಬಹುದಾದ ಗಣೆ ಬಿದಿರಿನ ಉದ್ದನೆಯ ಕೊಳಲು. ಇಂದಿಗೂ ಗಣೆಕಾರರು ಅದನ್ನೇ ಊದುತ್ತ ಆತನ ಕಥೆ ಹಾಡುತ್ತಾರೆ. ಹಗ್ಗ ಮಾಡಬೇಕಾದ್ದನ್ನು ಇಲ್ಲಿ ನಾದ ಮಾಡುತ್ತದೆ.

ಇದೇ ಸೀಮೆಯ ಇನ್ನೊಂದು ದನಗಾಹಿ ಸಮುದಾಯವಾದ ಮ್ಯಾಸಬೇಡರ ಪರಂಪರೆಯೂ ಇದಕ್ಕೆ ಪುಷ್ಟಿ ಕೊಡುತ್ತದೆ. ಅವರ ವೀರ ಗಾದರಿ ಪಾಲನಾಯಕ ಸೆಣಸಿದ್ದು ಹುಲಿಯೊಡನೆ. ಬಲ ತಿರುಗುವುದು ಹಿಂಡಿನ ವೈರಿಯ ಮೇಲೆ. ಕಿಲಾರಿಗಳು ಕಾಯುವ ದೇವರ ಎತ್ತುಗಳಿಗಂತೂ ನೊಗವೇ ಇಲ್ಲ.

ಹಾಗಾಗಿ ರೋಡಿಯೋ ಸವಾರನನ್ನು ಜುಂಜಪ್ಪನ ಪಕ್ಕ ನಿಲ್ಲಿಸುವುದು ದುಡುಕಾದೀತು. ರೋಡಿಯೋ ಹುಟ್ಟಿದ್ದು ಒಡೆಯರ ದನಗಳನ್ನು ಹಿಡಿದು, ಕುದುರೆಗಳನ್ನು ಪಳಗಿಸುತ್ತಿದ್ದ ಕೂಲಿ ಸವಾರರ ದುಡಿಮೆಯಿಂದ. ಅವರಿಗೆ ಇಲ್ಲಿ ಸರಿಸಾಟಿಯಾಗುವವರು ಅಮೃತಮಹಲ್‌ನ ಸರ್ಕಾರಿ ಆಳುಗಳು. ಅಲ್ಲಿ ಆ ದುಡಿಮೆ ಪಂದ್ಯವಾಗಿ ಬೆಳೆದು ಸವಾರನಿಗೆ ಹೆಸರು, ಹಣ ಎರಡನ್ನೂ ತಂದಿತು. ಇಲ್ಲಿ ಅದು ಸೈನ್ಯದ ಅಗತ್ಯದೊಳಗೇ ಉಳಿಯಿತು. ಹಟ್ಟಿಗಳು ವೀರಪಟ್ಟ ಕಟ್ಟಿದ್ದು ಹಿಂಡನ್ನು ತನ್ನದೆಂದು ಕಾದವನಿಗೆ.