ಒಶಿಇರೆಯಿಂದ ಹೊರಬಂದ ಚೀಲ

2019ರ ಅಕ್ಟೋಬರ್ 12, ಶನಿವಾರ. ಆ ವರ್ಷದ ಹತ್ತೊಂಬತ್ತನೆಯ ಚಂಡಮಾರುತ ಟೋಕಿಯೊ ಕಡೆಗೆ ಬರುತ್ತಿತ್ತು. ನಾವಿರುವ ಫುನಾಬೊರಿ ಎದೊಗಾವಾ ವಾರ್ಡಿಗೆ ಸೇರಿದ್ದು. ಈ ವಾರ್ಡಿನ ಸುಮಾರು ಶೇಕಡಾ 70ರಷ್ಟು ನೆಲ ಸಮುದ್ರದ ಉಬ್ಬರದ ಮಟ್ಟಕ್ಕಿಂತ ತಗ್ಗಿನಲ್ಲಿದೆ. ಪಶ್ಚಿಮಕ್ಕೆ ಅರಾಕಾವಾ ನದಿ, ಅದರ ಪಕ್ಕದಲ್ಲೇ ನಕಾಗಾವಾ, ನಡುವೆ ಒಂದು ಒಡ್ಡು. ಅದೇ ವರ್ಷ ವಾರ್ಡಿನವರು ಮನೆಮನೆಗೂ ಪ್ರವಾಹದ ನಕ್ಷೆಯೊಂದನ್ನು ಹಂಚಿದ್ದರು. ಪ್ರವಾಹ ಬಂದರೆ ಇಲ್ಲಿ ಇರಬೇಡಿ, ಬೇರೆ ಕಡೆ ಹೋಗಿ ಎಂದು ಅದರ ಮುಖಪುಟದಲ್ಲೇ ಅಚ್ಚಾಗಿತ್ತು. ತನ್ನ ಜನರಿಗೆ ಇಷ್ಟು ನೇರವಾಗಿ ಮಾತಾಡುವ ಸರ್ಕಾರಿ ಕಾಗದವನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಆ ದಿನ ಊರು ಬಿಡುವ ಸೂಚನೆ ಬಂತು. ನಮ್ಮವರು ಪಾಸ್‌ಪೋರ್ಟು, ಬ್ಯಾಂಕಿನ ಪುಸ್ತಕ, ಔಷಧಿ ತೆಗೆದುಕೊಂಡರು. ನಾನು ಹಾಸಿಗೆ ಮಡಿಸಿಡುವ ಒಶಿಇರೆಯ ಮೂಲೆಯಿಂದ ಒಂದು ಬಟ್ಟೆಯ ಚೀಲ ಎಳೆದೆ. ಅದರಲ್ಲಿ ಹದಿನೇಳು ಟೇಪುಗಳಿದ್ದವು. ಹದಿನಾಲ್ಕು ಮಿನಿ-ಡಿವಿ, ಮೂರು ದೊಡ್ಡ ವಿಎಚ್ಎಸ್ ಕ್ಯಾಸೆಟ್. ಹತ್ತಿರದ ಶಾಲೆಯ ನೆಲದ ಮೇಲೆ ರಾತ್ರಿ ಕಳೆಯುವಾಗ ಮಗಳು ಕೇಳಿದಳು: "ಅಮ್ಮಾ, ಇವನ್ನು ನೋಡಲಿಕ್ಕೆ ನಮ್ಮನೇಲಿ ಮಿಷನ್ ಎಲ್ಲಿದೆ?"

ಇರಲಿಲ್ಲ. ನೀರೇನೋ ಫುನಾಬೊರಿಗೆ ಬರಲಿಲ್ಲ. ಆದರೆ ಆ ಪ್ರಶ್ನೆ ನಮ್ಮ ಜೊತೆ ಮನೆಗೆ ಬಂತು.

ನಾವು ಇಲ್ಲಿಗೆ ಬಂದದ್ದು 1999ರಲ್ಲಿ. ನಿಲ್ದಾಣದ ಎದುರಿನ ಟವರ್ ಹಾಲ್ ಆಗಷ್ಟೇ ಬಾಗಿಲು ತೆರೆದಿತ್ತು. ವೈ2ಕೆ ಕೆಲಸಕ್ಕೆಂದು ಬಂದ ಭಾರತದ ಎಂಜಿನಿಯರುಗಳು ಪಕ್ಕದ ನಿಶಿಕಸಾಯ್‌ನಲ್ಲಿ ಮನೆ ಹುಡುಕುತ್ತಿದ್ದ ಕಾಲ. ಎಲ್ಲರೂ ಮೊದಲ ಬೋನಸ್ಸಿನಲ್ಲಿ ಅಕಿಹಬಾರಾಕ್ಕೆ ಹೋಗಿ ಕ್ಯಾಮೆರಾ ಕೊಳ್ಳುತ್ತಿದ್ದರು. ನಾವೂ ಕೊಂಡೆವು. ಮಗಳ ನಾಮಕರಣವನ್ನು ವಿಎಚ್ಎಸ್‌ಗೆ ಇಳಿಸಿ ಸಾಗರಕ್ಕೆ ಕಳಿಸಿದೆ. ಹದಿನೈದು ದಿನ ಬಿಟ್ಟು ಅಪ್ಪನ ಫೋನು: "ಚಿತ್ರ ಮೇಲೆ ಕೆಳಗೆ ಉರುಳ್ತಾ ಇದೆ ಮಾರಾಯ್ತಿ. ಮಗು ಕಪ್ಪುಬಿಳುಪು."

ದೋಷ ಯಾರದ್ದೂ ಅಲ್ಲ. ಜಪಾನು ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯನ್ನು ಹಿಡಿದಿತ್ತು: ಒಂದು ಚಿತ್ರಕ್ಕೆ 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ಭಾರತ 1982ರಲ್ಲಿ ಬಣ್ಣದ ಟಿವಿಗೆ ಹೊರಳಿದಾಗ ಆರಿಸಿಕೊಂಡದ್ದು ಪಾಲ್: 625 ಗೆರೆ, 25 ಚಿತ್ರ. ಕ್ಯಾಸೆಟ್ಟಿನ ಡಬ್ಬಿ ಒಂದೇ, ಒಳಗಿನ ಟೇಪೂ ಒಂದೇ. ಬರವಣಿಗೆ ಬೇರೆ. ನಮ್ಮೂರಿನ ಹಳೆಯ ವಿಸಿಆರ್‌ಗೆ ಮೊಮ್ಮಗಳ ಲಿಪಿ ಓದಲು ಬರುತ್ತಿರಲಿಲ್ಲ. ಅಕ್ಕನ ಮದುವೆಯ ಮೂರು ಕ್ಯಾಸೆಟ್‌ಗಳನ್ನು ನಾನು ಇಲ್ಲಿಗೆ ತಂದಾಗ ಅದೇ ಕಥೆ ತಿರುಗುಮುರುಗಾಯಿತು.

ಈ ಯಂತ್ರ ಹುಟ್ಟಿದ್ದು ನಮ್ಮ ಮನೆಯಿಂದ ರೈಲಿನಲ್ಲಿ ಒಂದು ಗಂಟೆಯ ದಾರಿಯ ಯೊಕೊಹಾಮಾದಲ್ಲಿ, ಜಪಾನ್ ವಿಕ್ಟರ್ ಕಂಪನಿಯ ವಿಡಿಯೊ ವಿಭಾಗದಲ್ಲಿ. ಶಿಜುವೊ ತಕಾನೊ, ಯೂಮಾ ಶಿರಾಯಿಶಿ ಮತ್ತು ಅವರ ಸಂಗಡಿಗರು ರೂಪಿಸಿದ ಎಚ್ಆರ್-3300 ಎಂಬ ಮೊದಲ ವಿಎಚ್ಎಸ್ ಯಂತ್ರ 1976ರ ಅಕ್ಟೋಬರ್ ಕೊನೆಗೆ ಅಂಗಡಿಗೆ ಬಂತು. ಬೆಲೆ 2,56,000 ಯೆನ್. ಅದಕ್ಕಿಂತ ಒಂದು ವರ್ಷ ಮೊದಲೇ ಸೋನಿಯ ಬೀಟಾಮ್ಯಾಕ್ಸ್ ಬಂದಿತ್ತಾದರೂ ಅದರ ಕ್ಯಾಸೆಟ್ ಓಡುತ್ತಿದ್ದದ್ದು ಒಂದು ಗಂಟೆ, ವಿಎಚ್ಎಸ್ಸಿನದು ಎರಡು. ಒಂದು ಸಿನಿಮಾ ಹಿಡಿಸುವಷ್ಟು. ಗೆಲುವಿಗೆ ಬೇರೆ ಕಾರಣಗಳೂ ಇದ್ದವು, ಆದರೆ ನಮ್ಮೂರಿನ ವಿಡಿಯೊ ಪಾರ್ಲರುಗಳ ಮಟ್ಟಿಗೆ ಇಷ್ಟು ಕಾರಣ ಸಾಕು.

ಸಿನಿಮಾದ ಹಿಂದೆಯೇ ಮದುವೆಗಳು ಬಂದವು. ಅಕ್ಕನ ಮದುವೆ 1992ರಲ್ಲಿ. ಹೆಗಲ ಮೇಲೆ ದೊಡ್ಡ ಕ್ಯಾಮೆರಾ ಹೊತ್ತ ವಿಡಿಯೊದವನು, ಅವನ ಹಿಂದೆ ಉರಿಯುವ ಲೈಟು ಹಿಡಿದ ಹುಡುಗ, ಆ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಊಟ ಮಾಡುವ ನೆಂಟರು. ತಿಂಗಳಾದ ಮೇಲೆ ಕ್ಯಾಸೆಟ್ ಬರುತ್ತಿತ್ತು. ಹೃದಯದ ಆಕಾರದೊಳಗೆ ವರ, ವೀಳ್ಯದೆಲೆಯೊಳಗೆ ವಧು, ಮೊದಲಿನಿಂದ ಕೊನೆತನಕ ಸಿನಿಮಾ ಹಾಡು. ಆಗ ಯಾರಿಗೂ ಅದು ಕೊರತೆ ಅನ್ನಿಸಲಿಲ್ಲ. ಹಾಡು ಹಾಕದಿದ್ದರೆ ದುಡ್ಡು ಉಳಿಸಿದ ಎಂದು ಬೈಯುತ್ತಿದ್ದೆವು.

ಆದರೆ ಹಾಡು ಹಾಕುವುದೆಂದರೆ ಏನು? ಸಾದಾ ವಿಎಚ್ಎಸ್‌ನಲ್ಲಿ ಚಿತ್ರ ಟೇಪಿನ ಅಗಲಕ್ಕೆ ಓರೆಯಾಗಿ ದಾಖಲಾಗುತ್ತದೆ. ಧ್ವನಿ ಮಾತ್ರ ಅಂಚಿನ ಒಂದು ಕಿರಿದಾದ ಪಟ್ಟಿಯಲ್ಲಿ ಉದ್ದಕ್ಕೆ ಸಾಗುತ್ತದೆ. ಆ ಅಂಚನ್ನಷ್ಟೇ ಅಳಿಸಿ ಹೊಸ ಧ್ವನಿ ಬರೆಯಬಹುದು. ಸ್ಟುಡಿಯೊದವರು ಮಾಡುತ್ತಿದ್ದದ್ದು ಅದನ್ನೇ. ಪುರೋಹಿತರ ಮಂತ್ರ, ಹೆಂಗಸರ ಹಸೆ ಹಾಡು, ಮಕ್ಕಳ ಗಲಾಟೆ ಎಲ್ಲ ಅಳಿದು ಆ ಜಾಗದಲ್ಲಿ ಸಿನಿಮಾ ಕೂರುತ್ತಿತ್ತು. ಇದನ್ನು ಯಾವ ಕಂಪ್ಯೂಟರೂ ಮರಳಿ ಎತ್ತಲಾರದು. ಅಮ್ಮ 2003ರಲ್ಲಿ ಹೋದಳು. ಆ ಮೂರು ಕ್ಯಾಸೆಟ್‌ಗಳಲ್ಲಿ ಅವಳು ಹಸೆ ಹಾಡುತ್ತಾಳೆ. ತುಟಿ ಆಡುತ್ತದೆ, ಕೇಳುವುದು ಬೇರೆ ಯಾರದೋ ಯುಗಳಗೀತೆ.

ನಮ್ಮ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ'ದ ಪ್ರತಿ ಇಂದು ನೋಡಲಿಕ್ಕೆ ಸಿಗುವುದಿಲ್ಲ. ಸಿನಿಮಾದ ಕಥೆಯೇ ಹೀಗಾದರೆ ಮನೆಯ ಟೇಪಿನ ಬಗ್ಗೆ ಯಾರು ಚಿಂತಿಸುತ್ತಾರೆ ಎಂದುಕೊಂಡಿದ್ದೆ. ಆದರೆ ಆ 2019ರಲ್ಲೇ ಯುನೆಸ್ಕೊ ಮತ್ತು ಅಂತಾರಾಷ್ಟ್ರೀಯ ಧ್ವನಿ-ದೃಶ್ಯ ಸಂಗ್ರಹಾಲಯಗಳ ಸಂಘ ಸೇರಿ ಎಚ್ಚರಿಕೆ ಕೊಟ್ಟಿದ್ದವು: ಕಾಂತೀಯ ಟೇಪುಗಳನ್ನು 2025ರೊಳಗೆ ಡಿಜಿಟಲ್‌ಗೆ ಇಳಿಸಿಕೊಳ್ಳಿ, ಆಮೇಲೆ ಕಷ್ಟ. ಟೇಪು ಹಾಳಾಗುತ್ತದೆ ಎಂಬುದು ಅರ್ಧ ಕಾರಣ. ಯಂತ್ರ, ಅದರ ಬಿಡಿಭಾಗ, ರಿಪೇರಿ ಗೊತ್ತಿರುವ ಕೈ ಇವು ಟೇಪಿಗಿಂತ ಮೊದಲೇ ಮುಗಿಯುತ್ತವೆ ಎಂಬುದು ಉಳಿದರ್ಧ. ಜಗತ್ತಿನಲ್ಲಿ ಕೊನೆಯದಾಗಿ ವಿಎಚ್ಎಸ್ ಯಂತ್ರ ಮಾಡುತ್ತಿದ್ದ ಫುನಾಯ್ ಕಂಪನಿ, ಬಿಡಿಭಾಗ ಸಿಗುತ್ತಿಲ್ಲವೆಂದು 2016ರ ಜುಲೈಯಲ್ಲಿ ನಿಲ್ಲಿಸಿತ್ತು. ಅದರ ಹಿಂದಿನ ವರ್ಷವೂ ಸುಮಾರು ಏಳೂವರೆ ಲಕ್ಷ ಯಂತ್ರ ಮಾರಿದ ಕಂಪನಿ ಅದು. 2024ರಲ್ಲಿ ಕಂಪನಿಯೇ ದಿವಾಳಿಯಾಯಿತು.

ಮಿನಿ-ಡಿವಿಗಳ ಕೆಲಸ ಸುಲಭವಾಯಿತು. ಅವುಗಳೊಳಗೆ ಇರುವುದೇ ಅಂಕಿಗಳು. ಹಳೆಯ ಕ್ಯಾಮೆರಾ ಒಂದನ್ನು ಸಂಪಾದಿಸಿ ತಂತಿ ಜೋಡಿಸಿದರೆ ಇದ್ದದ್ದು ಇದ್ದಹಾಗೆ ಇಳಿಯುತ್ತದೆ. ಗಂಟೆಗೆ ಸುಮಾರು 13 ಜಿಬಿ. ಮದುವೆ ಕ್ಯಾಸೆಟ್‌ಗಳನ್ನು ಇಲ್ಲಿನ ಅಂಗಡಿಯೊಂದು "ಇದು ವಿದೇಶದ ಟೇಪು" ಎಂದು ನಯವಾಗಿ ಬಗ್ಗಿ ವಂದಿಸಿ ಹಿಂದಿರುಗಿಸಿತು. ಕೊನೆಗೆ ಅಣ್ಣ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆಯ ಪಾಲ್ ವಿಸಿಆರ್ ಒಂದನ್ನು ಹುಡುಕಿ, ರಬ್ಬರ್ ಬೆಲ್ಟು ಬದಲಾಯಿಸಿಸಿ, ಸೀರೆಗಳ ನಡುವೆ ಸುತ್ತಿ ವಿಮಾನದಲ್ಲಿ ತಂದ. ಜಪಾನಿನಲ್ಲಿ ಹುಟ್ಟಿದ ಯಂತ್ರವನ್ನು ಜಪಾನಿಗೆ ಹೊತ್ತು ತಂದೆವು. ಇಲ್ಲಿನ ಕರೆಂಟು 100 ವೋಲ್ಟ್. ಅದನ್ನು 220ಕ್ಕೆ ಏರಿಸುವ ಟ್ರಾನ್ಸ್‌ಫಾರ್ಮರ್ ಬೇರೆ ಕೊಳ್ಳಬೇಕಾಯಿತು.

ಒಂದು ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಅಂಚಿಗೆ ಬಿಳಿ ಪುಡಿ ಕಾಣುತ್ತಿತ್ತು. ಸಾಗರದ ಮಳೆಗಾಲದ ಬೂಷ್ಟು. ಅದನ್ನು ಹಾಗೇ ಓಡಿಸಿದರೆ ಬೂಷ್ಟು ಯಂತ್ರದ ಹೆಡ್ಡಿಗೆ ಮೆತ್ತಿ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡು, ಸ್ಕ್ರೂ ಬಿಚ್ಚಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತು ಸುತ್ತಾಗಿ ಒರೆಸಿದೆ. ಎರಡು ಸಂಜೆ ಹಿಡಿಯಿತು. ಇದರಲ್ಲಿ ಅವಸರಕ್ಕೆ ದಾರಿಯೇ ಇಲ್ಲ: ಮೂರು ಗಂಟೆಯ ಟೇಪು ಇಳಿಯಲು ಮೂರು ಗಂಟೆಯೇ ಬೇಕು. ಇಳಿಸುತ್ತಿದ್ದಂತೆ ನಮ್ಮವರು ಹೇಳಿದರು: "ಹಾಡು ಮುಗೀತಲ್ಲ, ನಿಲ್ಲಿಸಿಬಿಡು." ಮೂವತ್ತು ವರ್ಷ ನಾವೆಲ್ಲ ಮಾಡಿದ್ದು ಅದನ್ನೇ. ಮೂರನೆಯ ಕ್ಯಾಸೆಟ್ಟಿನಲ್ಲಿ ಹಾಡು ನಿಂತ ಕೂಡಲೇ ಯಾರಾದರೂ ಎದ್ದು ರಿವೈಂಡ್ ಒತ್ತುತ್ತಿದ್ದರು.

ನಾನು ನಿಲ್ಲಿಸಲಿಲ್ಲ. ಖಾಲಿ ಅಂಚು ಬರುವತನಕ ಓಡಲಿ ಎಂದೆ. ಹಾಡು ಮುಗಿದ ಮೇಲೆ ಚಿತ್ರ ಇನ್ನೂ ನಾಲ್ಕು ನಿಮಿಷ ಇತ್ತು. ಸಂಜೆ, ಅರ್ಧ ಬಿಚ್ಚಿದ ಚಪ್ಪರ, ಮೂಲೆಯಲ್ಲಿ ದೀಪ. ಸ್ಟುಡಿಯೊದವನು ಆ ನಾಲ್ಕು ನಿಮಿಷಕ್ಕೆ ಇನ್ನೊಂದು ಹಾಡು ಹುಡುಕುವ ಶ್ರಮ ತೆಗೆದುಕೊಂಡಿರಲಿಲ್ಲ. ಅಂಚಿನ ಪಟ್ಟಿಯಲ್ಲಿ ಮದುವೆಮನೆಯ ಸದ್ದು ಹಾಗೇ ಉಳಿದಿತ್ತು: ಪಾತ್ರೆ ಎಳೆಯುವುದು, ಯಾರೋ ನಗುವುದು, ಆಮೇಲೆ ಚೌಕಟ್ಟಿನ ಹೊರಗಿನಿಂದ ಅಮ್ಮ: "ಆ ದೀಪಕ್ಕೆ ಎಣ್ಣೆ ಹಾಕಿದ್ಯೇನೇ? ಆರಿಹೋಗ್ತದೆ ನೋಡು."

ಕಡತವನ್ನು ಮೂರು ಪ್ರತಿ ಮಾಡಿದೆವು. ಒಂದು ಫುನಾಬೊರಿಯಲ್ಲಿ, ಒಂದು ಒಸಾಕಾದಲ್ಲಿರುವ ಮಗಳ ಹತ್ತಿರ, ಒಂದು ಸಾಗರದಲ್ಲಿ. ಅಕ್ಕನಿಗೆ ಆ ನಾಲ್ಕು ನಿಮಿಷವನ್ನು ಮೊಬೈಲಿಗೆ ಕಳಿಸಿದೆ. ಎರಡು ದಿನ ಅವಳಿಂದ ಸುದ್ದಿಯಿಲ್ಲ. ಮೂರನೆಯ ದಿನ ಫೋನು ಮಾಡಿದಳು.

"ಅಮ್ಮ ಕೇಳಿದ್ದು ನನ್ನನ್ನಲ್ಲ ಕಣೇ," ಎಂದಳು. "ನಾನು ಆಗಲೇ ಅತ್ತೆಮನೆಗೆ ಹೊರಟಾಗಿತ್ತು. ಎಣ್ಣೆ ಹಾಕಬೇಕಾಗಿದ್ದವಳು ನೀನು."