ಮೀಸಲಿಡುವುದು

ಮುಂಬಯಿಯಲ್ಲಿ ‘ರಾಖೀವ್’ ಅಂತ ಬರೆದ ಸೀಟು ಕಂಡಾಗಲೆಲ್ಲ ನನಗೆ ನಮ್ಮ ‘ಮೀಸಲು’ ನೆನಪಾಗುತ್ತಿತ್ತು. ಮರಾಠಿಯಲ್ಲಿ ‘ರಾಖಣೆ’ ಅಂದರೆ ಕಾಯುವುದು, ಉಳಿಸಿಡುವುದು. ಅಲ್ಲಿಗೆ ಮುಗಿಯಿತು. ನಮ್ಮ ‘ಮೀಸಲಿಡು’ ಹಾಗಲ್ಲ. ಯಾರೂ ಮುಟ್ಟದ್ದು, ಯಾರೂ ರುಚಿ ನೋಡದ್ದು, ದೇವರಿಗೆ ಅಂತ ಬೇರೆ ತೆಗೆದದ್ದು ಮೀಸಲು. ಅದರ ಎದುರಿಗೆ ನಿಲ್ಲುವ ಮಾತು ಎಂಜಲು. ಕರು ಹಾಕಿದ ಹಸುವಿನ ಹಾಲಿನಲ್ಲಿ ದೇವರ ಪಾಲು, ಫಸಲಿನ ಮೊದಲ ಗೊನೆ, ತಿಮ್ಮಪ್ಪನಿಗೆ ಹಳದಿ ಬಟ್ಟೆಯಲ್ಲಿ ಕಟ್ಟಿದ ಮುಡಿಪು, ಎಲ್ಲವೂ ಮೀಸಲೇ.

ದೇವರ ಮನೆಯ ಈ ಮಾತು ಕಚೇರಿಗೆ ಬಂದ ಬಗೆ ದೊಡ್ಡದು. 1902ರಲ್ಲಿ ಕೊಲ್ಹಾಪುರದ ಶಾಹು ಮಹಾರಾಜರು ಸಂಸ್ಥಾನದ ನೌಕರಿಯಲ್ಲಿ ಶೇಕಡ 50 ಹಿಂದುಳಿದವರಿಗೆ ಅಂತ ಹುಕುಂ ಹೊರಡಿಸಿದರು. ಮೈಸೂರಿನಲ್ಲಿ ನಾಲ್ವಡಿಯವರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು, ಮರುವರ್ಷ ವರದಿ ಬಂತು. ಆಮೇಲೆ ಸಂವಿಧಾನದ 16(4)ನೇ ವಿಧಿ. ಇದಕ್ಕೆಲ್ಲ ಕನ್ನಡದಲ್ಲಿ ನಿಂತ ಪದ ‘ಮೀಸಲಾತಿ’. ದೇವರ ಮೀಸಲಿನ ಹತ್ತಿರಕ್ಕೂ ಯಾರನ್ನು ಬಿಡುತ್ತಿರಲಿಲ್ಲವೋ ಅವರ ಹಕ್ಕಿಗೇ ಆ ಪದ ಸಂದಿತು. ನನಗಂತೂ ಇದು ನ್ಯಾಯವಾಗಿಯೇ ಕಾಣುತ್ತದೆ. ಊರಿನ ಕೆಲವು ನೆಂಟರಿಗೆ ಕಾಣುವುದಿಲ್ಲ, ಇರಲಿ.

ನಮ್ಮ ಬ್ಯಾಂಕಿನಲ್ಲೂ ‘ಮೀಸಲು ನಿಧಿ’ ಉಂಟು. 1949ರ ಬ್ಯಾಂಕಿಂಗ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ವರ್ಷದ ಲಾಭದಲ್ಲಿ ಕನಿಷ್ಠ ಶೇಕಡ 20 ಮೊದಲು ಅದಕ್ಕೆ ಹೋಗಬೇಕು, ಡಿವಿಡೆಂಡ್ ಆಮೇಲೆ. ಅಂದರೆ ನೈವೇದ್ಯ ಮೊದಲು, ಪಂಕ್ತಿ ಆಮೇಲೆ!

1986ರಲ್ಲಿ ಡೊಂಬಿವಲಿಯ ಒಂದೇ ಕೋಣೆಯಲ್ಲಿ ಇದ್ದೆವು, ಅಮ್ಮನೂ ಜೊತೆಗಿದ್ದಳು. ತಿಂಗಳ ಕೊನೆ. ಮಗುವಿಗೆ ಜ್ವರ ಏರಿತು, ಜೇಬಿನಲ್ಲಿ ಹತ್ತು ರೂಪಾಯಿ ಮಾತ್ರ. ಅಮ್ಮನ ಟ್ರಂಕಿನಲ್ಲಿದ್ದ ಮುಡಿಪು ಬಿಚ್ಚಿ 300 ರೂಪಾಯಿ ತೆಗೆದುಕೊಂಡು ಡಾಕ್ಟರ ಬಳಿ ಓಡಿದೆ. ಹೇಳಲು ಧೈರ್ಯವಿರಲಿಲ್ಲ. ವಾರವಾದ ಮೇಲೆ ಅವಳೇ ಕೇಳಿದಳು, “ಗಂಟು ಹಾಕೋ ರೀತಿ ನಂದಲ್ವಲ್ಲೋ?” ತಲೆ ತಗ್ಗಿಸಿದೆ. ಬೈಯಲಿಲ್ಲ. “ಮಗೂಗೆ ಅಲ್ವಾ ತೆಗೆದದ್ದು. ಅವನು ಬಡ್ಡಿ ಕಾಸಿನ ತಿಮ್ಮಪ್ಪ ಕಣೋ, ಸಾಲ ಅಂತ ಬರ್ಕೊತಾನೆ. ತಿರುಗಿ ಇಟ್ಬಿಡು” ಅಂದಳು.

ಬಡ್ಡಿ ಎಷ್ಟು ಅಂತ ಕೇಳಿದೆ.

“ಬ್ಯಾಂಕಿನೋನು ನೀನು, ನನ್ನ ಕೇಳ್ತೀಯಲ್ಲ!”

ಶೇಕಡ 12ರಂತೆ ಐದು ತಿಂಗಳಿಗೆ 15 ರೂಪಾಯಿ ಸೇರಿಸಿ ಇಟ್ಟೆ. ಗಂಟನ್ನು ಅವಳೇ ಹಾಕಿದಳು.