ಶಾಸನದಲ್ಲಿಲ್ಲದ ವಂಶಾವಳಿ



ನಮ್ಮ ಹಳೇಬೀಡಿನಲ್ಲಿ ಇತಿಹಾಸದ ಪಾಠವೆಂದರೆ ವಂಶಾವಳಿ. ವಿನಯಾದಿತ್ಯ, ಎರೆಯಂಗ, ವಿಷ್ಣುವರ್ಧನ, ನರಸಿಂಹ, ಬಲ್ಲಾಳ ಎಂದು ನೀವು ಕಂಠಪಾಠ ಒಪ್ಪಿಸುತ್ತಿದ್ದಿರಿ. ಮನೆಮನೆಯಲ್ಲಿ ಇನ್ನೊಂದು ವಂಶಾವಳಿಯಿದೆ. ಅದು ಅಜ್ಜಿ, ಚಿಕ್ಕಮ್ಮ, ಸೋದರತ್ತೆಯರ ಕಾಯಿಲೆಗಳದು. ಸ್ತನ ಕ್ಯಾನ್ಸರಿನ ಮಾತನ್ನಂತೂ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುತ್ತಾರೆ. ಈ ರೋಗ ಕುಲದಿಂದ ಬರುವುದೇ ಎಂಬ ಪ್ರಶ್ನೆಗೂ ಒಂದು ಇತಿಹಾಸವಿದೆ.

ಅಂಡಾಶಯವನ್ನು ತೆಗೆದರೆ ಸ್ತನದ ಗೆಡ್ಡೆ ಕುಗ್ಗುವುದುಂಟೆಂದು ಸ್ಕಾಟ್ಲೆಂಡಿನ ವೈದ್ಯ ಜಾರ್ಜ್ ಬೀಟ್ಸನ್ 1896ರಲ್ಲಿ ಪ್ರಕಟಿಸಿದನು. ಆಗ ಹಾರ್ಮೋನ್ ಎಂಬ ಪದವೇ ಹುಟ್ಟಿರಲಿಲ್ಲ. ಮುಂದೆ 1993ರಿಂದ 1996ರವರೆಗೆ ಹವಾಯಿ ಮತ್ತು ಲಾಸ್ ಏಂಜಲಿಸ್‌ನಲ್ಲಿ ಐದು ಜನಾಂಗಗಳ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಒಂದು ಅಧ್ಯಯನಕ್ಕೆ ಸೇರಿಸಿಕೊಂಡರು. ಈಸ್ಟ್ರೋಜನ್ ತಯಾರಿಕೆಗೆ ಸಂಬಂಧಿಸಿದ ಜೀನುಗಳ ವ್ಯತ್ಯಾಸವನ್ನೂ ಅಲ್ಲಿ ಪರಿಶೀಲಿಸಿದರು. ಆದರೆ ಜನಾಂಗಗಳ ನಡುವಣ ಅಂತರವನ್ನು ಆ ಜೀನುಗಳಷ್ಟರಿಂದಲೇ ವಿವರಿಸಲಾಗಲಿಲ್ಲ. ಜಪಾನಿನಿಂದ ಅಮೆರಿಕಕ್ಕೆ ವಲಸೆ ಹೋದ ಕುಟುಂಬಗಳ ಸ್ತ್ರೀಯರಲ್ಲಿ ಈ ರೋಗ ತಲೆಮಾರಿನಿಂದ ತಲೆಮಾರಿಗೆ ಹೆಚ್ಚಿತು. ಅಷ್ಟು ಬೇಗ ರಕ್ತ ಬದಲಾಗದು. ಬದಲಾದದ್ದು ಆಹಾರ, ಮೈತೂಕ, ಹೆರಿಗೆಯ ವಯಸ್ಸು ಮುಂತಾದ ಬದುಕಿನ ಕ್ರಮ. ನಮ್ಮಲ್ಲಿಯೂ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿ 1982ರಲ್ಲಿ ಆರಂಭವಾದಾಗ ಸ್ತ್ರೀಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮೊದಲ ಸ್ಥಾನದಲ್ಲಿತ್ತು. ಅನಂತರ ಆ ಸ್ಥಾನಕ್ಕೆ ಸ್ತನ ಕ್ಯಾನ್ಸರ್ ಬಂದಿತು.

ಹಾಗೆಂದು ವಂಶದ ಪಾತ್ರವೇ ಇಲ್ಲವೆಂದಲ್ಲ. ಬಿಆರ್‌ಸಿಎ-1 ಎಂಬ ಜೀನನ್ನು 1994ರಲ್ಲಿ ಗುರುತಿಸಿದರು. ಅದರಲ್ಲಿ ದೋಷವಿದ್ದರೆ ಅಪಾಯ ಬಹಳ ಹೆಚ್ಚು. ಮನೆತನದಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದ ದಕ್ಷಿಣ ಭಾರತದ 61 ರೋಗಿಗಳನ್ನು ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಕಿದ್ವಾಯಿಯ ವಿಜ್ಞಾನಿಗಳು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. 17 ಮಂದಿಯಲ್ಲಿ ಇಂತಹ ದೋಷಗಳು ಕಂಡವು. ಅವರಲ್ಲಿ 10 ಮಂದಿಯಲ್ಲಿದ್ದುದು ಯೂರೋಪಿನ ಅಶ್ಕೆನಾಜಿ ಯಹೂದಿಗಳಲ್ಲಿ ಪ್ರಸಿದ್ಧವಾದ ದೋಷವೇ! ಹಾಗಾದರೆ ಅವರೂ ನಾವೂ ಒಂದೇ ಕುಲವೇ? ಭಾರತೀಯ ಕುಟುಂಬವೊಂದರಲ್ಲಿ ಅದೇ ದೋಷ ಸ್ವತಂತ್ರವಾಗಿಯೇ ಹುಟ್ಟಿತ್ತೆಂದು 2007ರ ಅಧ್ಯಯನವೊಂದು ತಿಳಿಸಿತ್ತು. ಆದ್ದರಿಂದ ಜಾತಿ, ಜನಾಂಗದ ಹೆಸರು ನೋಡಿ ಹೆದರುವುದೂ ತಪ್ಪು, ನಿಶ್ಚಿಂತರಾಗುವುದೂ ತಪ್ಪು.

ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಮಾತ್ರ ಹೀಗೆ ವಂಶದಿಂದ ಬಂದವು. ಈ ದೋಷ ತಾಯಿಯಿಂದ ಬಂದಂತೆ ತಂದೆಯಿಂದಲೂ ಬರಬಲ್ಲದು. ಸೋದರತ್ತೆಯ ಕಾಯಿಲೆಯೂ ಮಗಳಿಗೆ ಸಂಬಂಧಪಟ್ಟದ್ದೇ. ನಿಮ್ಮ ಮನೆಯ ಹಿರಿಯರನ್ನು ಕೇಳಿ ಯಾರಿಗೆ, ಯಾವ ವಯಸ್ಸಿನಲ್ಲಿ, ಏನಾಗಿತ್ತೆಂದು ಒಂದು ಹಾಳೆಯಲ್ಲಿ ಬರೆದಿಡಿರಿ. ವೈದ್ಯರು ಮೊದಲು ಕೇಳುವುದು ಅದನ್ನೇ. ಇದು ನಿಮ್ಮ ಮೇಷ್ಟರು ಕೊಡುತ್ತಿರುವ ಮನೆಪಾಠವೆಂದು ತಿಳಿಯಿರಿ.